ಮನೆಯ ನೆಮ್ಮದಿಯೂ ಅವನ ನೆಮ್ಮದಿಯೂ

ಬೌದ್ಧಿಕ ವೈಕಲ್ಯವೋ ಆಟಿಸಮ್ಮೋ ಇರುವ ಮಗನನ್ನು ಕರೆದುಕೊಂಡು ವೈದ್ಯರ ಬಳಿಗೆ ಬರುವ ತಾಯಿತಂದೆಗಳು, ರಾತ್ರಿಗಳನ್ನು ನಿದ್ದೆಯಿಲ್ಲದೆ ಕಳೆದು, ಮುಂಗೈಯ ಮೇಲಿನ ಕಚ್ಚಿದ ಗಾಯವನ್ನು ಸೆರಗಿನಲ್ಲಿ ಮರೆಮಾಡಿಕೊಂಡು, ನೆರೆಮನೆಯವರ ದೂರುಗಳನ್ನು ಕೇಳಿ ಕೇಳಿ ಬೇಸತ್ತು, ಕೊನೆಗೆ ಬಾಯಿಬಿಟ್ಟು ಕೇಳುವುದು ಸಾಮಾನ್ಯವಾಗಿ ಒಂದೇ ಮಾತು: “ಇವನು ಸುಮ್ಮನಿರೋ ಹಾಗೆ ಏನಾದರೂ ಒಂದು ಮಾತ್ರೆ ಕೊಡಿ, ಡಾಕ್ಟ್ರೇ.” ಅಂಥ ಮನೆಯಲ್ಲಿ ಒಂದು ವಾರವನ್ನಾದರೂ ಕಳೆಯದವರಿಗೆ ಈ ಬೇಡಿಕೆಯನ್ನು ಆಕ್ಷೇಪಿಸುವ ಅಧಿಕಾರವಿಲ್ಲ. ಆದರೂ ಆ ಒಂದು ಮಾತಿನಲ್ಲಿ ಎರಡು ವಿಷಯಗಳು ಬೆರೆತುಹೋಗಿವೆಯೆಂಬುದನ್ನು ಗಮನಿಸಬೇಕು. ಮನೆಯ ನೆಮ್ಮದಿ ಒಂದು. ಅವನ ನೆಮ್ಮದಿ ಇನ್ನೊಂದು. ಔಷಧದ ಮಂಪರಿನಲ್ಲಿ ಮೂಲೆ ಹಿಡಿದು ಕುಳಿತಿರುವಾತನಿಂದ ಮನೆಗೆ ತತ್ಕಾಲದ ಶಾಂತಿ ದೊರೆತೀತು; ಅದರಿಂದ ಆತನ ಒಳಗಿನ ಸಂಕಟ ಕಳೆಯಿತೆಂದು ಸಿದ್ಧವಾಗುವುದಿಲ್ಲ. ಆತನ ನೆಮ್ಮದಿಯನ್ನು ಮೊದಲು ಅರಸಿದರೆ ಮನೆಯ ನೆಮ್ಮದಿಯು ತಡವಾಗಿಯಾದರೂ ಬಹುಮಟ್ಟಿಗೆ ಅದರ ಹಿಂದೆಯೇ ಬರುತ್ತದೆಂಬ ನಂಬಿಕೆಯಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ.

ಮಕ್ಕಳೆಲ್ಲರೂ ಮಾಡುವ ಹಟ ಇಲ್ಲಿಯ ವಿಷಯವಲ್ಲ. ತಲೆಯನ್ನು ಗೋಡೆಗೆ ಚಚ್ಚಿಕೊಳ್ಳುವುದು, ತನ್ನ ಕೈಯನ್ನೋ ಅಮ್ಮನ ಕೈಯನ್ನೋ ರಕ್ತ ಬರುವಂತೆ ಕಚ್ಚುವುದು, ತಟ್ಟೆ ಎಸೆಯುವುದು, ಉಟ್ಟ ಬಟ್ಟೆಯನ್ನು ಹರಿಯುವುದು, ಮಣ್ಣು ಬಟ್ಟೆಗಳನ್ನು ತಿನ್ನುವುದು, ಬಾಗಿಲು ತೆರೆದೊಡನೆ ಬೀದಿಗೆ ಓಡುವುದು, ಗಂಟೆಗಟ್ಟಲೆ ಕಿರಿಚುವುದು ಇವೇ ಮೊದಲಾದವು, ತನ್ನ ದೇಹಕ್ಕೋ ಇತರರ ದೇಹಕ್ಕೋ ಅಪಾಯ ತರುವಷ್ಟು ತೀವ್ರವಾದಾಗ, ಇಲ್ಲವೆ ಅವುಗಳ ದೆಸೆಯಿಂದಲೇ ಆತನಿಗೆ ಶಾಲೆ, ಬಸ್ಸು, ಮದುವೆಮನೆ, ಜಾತ್ರೆಗಳ ಬಾಗಿಲು ಮುಚ್ಚಿಹೋದಾಗ, ತಜ್ಞರು ಅವನ್ನು ಸವಾಲಿನ ವರ್ತನೆಗಳೆಂದು ಕರೆಯುತ್ತಾರೆ. ನಾನು ಬರೆಯುವ ಅನುಕೂಲಕ್ಕಾಗಿ ‘ಆತ’ ಎನ್ನುತ್ತೇನೆ. ಹೇಳಿದುದೆಲ್ಲ ಹೆಣ್ಣುಮಕ್ಕಳಿಗೂ, ಮಕ್ಕಳಿಗೆ ಸಲ್ಲುವಂತೆಯೇ ನಲವತ್ತು ದಾಟಿದವರಿಗೂ ಸಲ್ಲುತ್ತದೆ.

ಊರಿನಲ್ಲಿ ಇದಕ್ಕೆ ದೊರೆಯುವ ವಿವರಣೆಗಳು ಹಲವು. ಗಾಳಿ ಸೋಕಿದೆ ಎನ್ನುವವರುಂಟು. ತಾಯಿಯ ಮುದ್ದಿನಿಂದ ಕೊಬ್ಬಿದ್ದಾನೆ ಎನ್ನುವವರುಂಟು. ಎರಡು ಬಿಗಿದರೆ ಸರಿಹೋಗುತ್ತಾನೆ ಎಂದು ಸಲಹೆ ಕೊಟ್ಟು ಕಾಫಿ ಕುಡಿದು ಹೊರಡುವ ಬಂಧುಗಳಂತೂ ಯಾವ ಮನೆಯಲ್ಲೂ ಉಂಟು. ಆದರೆ ಇಂಥ ವರ್ತನೆಯು ಬಹುಮಟ್ಟಿಗೆ ಆತನಿಗೆ ಏನೋ ಒಂದು ಪ್ರಯೋಜನವನ್ನು ಒದಗಿಸುತ್ತಿರುತ್ತದೆಂಬುದೇ ಕಳೆದ ನಾಲ್ಕು ದಶಕಗಳ ಅಧ್ಯಯನದ ತಿರುಳು. 1982ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಬ್ರಯಾನ್ ಇವಾಟ ಮತ್ತು ಅವರ ಸಂಗಡಿಗರು, ತಮ್ಮನ್ನು ತಾವೇ ಗಾಯಪಡಿಸಿಕೊಳ್ಳುತ್ತಿದ್ದ ಒಂಬತ್ತು ಮಂದಿ ಎಳೆಯರನ್ನು ಬೇರೆಬೇರೆ ಸನ್ನಿವೇಶಗಳಲ್ಲಿರಿಸಿ ನೋಡಿದರು: ಒಮ್ಮೆ ಒಂಟಿಯಾಗಿ ಬಿಟ್ಟು, ಒಮ್ಮೆ ಕಠಿನವಾದ ಕೆಲಸವನ್ನು ಕೊಟ್ಟು, ಒಮ್ಮೆ ಗಾಯಮಾಡಿಕೊಂಡಾಗ ಮಾತ್ರ ಬಳಿಸಾರಿ ಕಕ್ಕುಲತೆ ತೋರಿ, ಮತ್ತೊಮ್ಮೆ ಆಟಿಕೆಗಳ ನಡುವೆ ಆದರದಿಂದ ಕೂರಿಸಿ. ಬಹುಪಾಲು ಮಕ್ಕಳಲ್ಲಿ ಒಂದೊಂದು ನಿರ್ದಿಷ್ಟ ಸನ್ನಿವೇಶದಲ್ಲಿ ಮಾತ್ರ ಆ ವರ್ತನೆ ಏರಿತು. ಒಬ್ಬನಿಗೆ ಏರಿದ ಸನ್ನಿವೇಶದಲ್ಲಿ ಇನ್ನೊಬ್ಬನಿಗೆ ಇಳಿಯಿತು. ಅಂದರೆ ಕಣ್ಣಿಗೆ ಒಂದೇ ಬಗೆಯಾಗಿ ಕಾಣುವ ತಲೆಚಚ್ಚುವಿಕೆಯು ಒಬ್ಬನ ಪಾಲಿಗೆ ‘ಈ ಕೆಲಸ ಸಾಕು’ ಎಂಬ ಬೇಡಿಕೆ, ಇನ್ನೊಬ್ಬನ ಪಾಲಿಗೆ ‘ನನ್ನ ಕಡೆ ನೋಡು’ ಎಂಬ ಕರೆ, ಮೂರನೆಯವನಿಗೆ ಬೇಕಾದ ವಸ್ತುವನ್ನು ಪಡೆಯುವ ಸಾಧನ, ನಾಲ್ಕನೆಯವನಿಗೆ ಏನೂ ಇಲ್ಲದ ಶೂನ್ಯದಲ್ಲಿ ದೇಹಕ್ಕೆ ಸಿಕ್ಕುವ ಏಕೈಕ ಅನುಭವ. ಹೀಗಿರಲು ನಾಲ್ವರಿಗೂ ಒಂದೇ ಉಪಾಯವನ್ನು ಹೇಳುವಾತನು ನಾಲ್ವರಲ್ಲಿ ಮೂವರಿಗಾದರೂ ಅಪಕಾರವನ್ನೇ ಮಾಡುತ್ತಾನೆ.

ಈ ಪ್ರಯೋಜನವನ್ನು ಹುಡುಕಲು ಹೊರಡುವ ಮುನ್ನ ಮಾಡಬೇಕಾದ ಕೆಲಸವೊಂದಿದೆ. ಅದನ್ನು ಬಹಳ ಮನೆಗಳಲ್ಲಿ, ಎಷ್ಟೋ ಆಸ್ಪತ್ರೆಗಳಲ್ಲಿ ಕೂಡ, ಬಿಟ್ಟೇಬಿಡುತ್ತಾರೆ. ಅದು ದೇಹಪರೀಕ್ಷೆ. ನೋವನ್ನು ಮಾತಿನಲ್ಲಿ ಹೇಳಲಾರದವನು ಅದನ್ನು ಬೇರೆ ರೀತಿಯಲ್ಲಿ ಹೊರಗೆಡಹದೆ ಮತ್ತೇನು ಮಾಡಿಯಾನು? ದವಡೆಯ ಮೇಲೆಯೇ ಗುದ್ದಿಕೊಳ್ಳುವವನ ಬಾಯಿಯಲ್ಲಿ ಹುಳುಕು ಹಲ್ಲನ್ನೂ, ಕಿವಿಯ ಬಳಿ ಹೊಡೆದುಕೊಳ್ಳುವವನಲ್ಲಿ ಸೋರುವ ಕಿವಿಯನ್ನೂ, ಊಟವಾದ ಸ್ವಲ್ಪ ಹೊತ್ತಿಗೆ ಬಾಗಿ ಕಿರಿಚುವವನಲ್ಲಿ ಎದೆಯುರಿಯನ್ನೂ, ರಾತ್ರಿ ಹೊರಳಾಡಿ ಎದ್ದುಕೂರುವ ಮಗುವಿನಲ್ಲಿ ಜಂತುಹುಳುವನ್ನೂ, ತಿಂಗಳಿಗೊಮ್ಮೆ ಮೂರು ನಾಲ್ಕು ದಿನ ಮಾತ್ರ ಕೆರಳುವ ಹುಡುಗಿಯಲ್ಲಿ ಮುಟ್ಟಿನ ನೋವನ್ನೂ ಮೊದಲು ಸಂಶಯಿಸತಕ್ಕದ್ದು. ಮಲಬದ್ಧತೆಯ ವಿಷಯವನ್ನು ವಿಶೇಷವಾಗಿ ಹೇಳಬೇಕು: ಓಡಾಟ ಕಡಿಮೆ, ನೀರು ಕಡಿಮೆ, ಸೊಪ್ಪು ತರಕಾರಿಗಳನ್ನು ಮುಟ್ಟದ ಅಭ್ಯಾಸ, ಅದರ ಮೇಲೆ ಕೆಲವು ಮನೋರೋಗದ ಔಷಧಗಳ ಪ್ರಭಾವ ಎಲ್ಲವೂ ಸೇರಿ ಇವರಲ್ಲಿ ಅದು ಬಹು ಸಾಮಾನ್ಯ, ವಾರದಲ್ಲಿ ಎಷ್ಟು ಸಲ ಮಲವಿಸರ್ಜನೆಯಾಯಿತೆಂಬುದು ಯಾರಿಗೂ ತಿಳಿಯದೆ ಹೋಗುವುದೂ ಅಷ್ಟೇ ಸಾಮಾನ್ಯ. ಡೌನ್ ಸಿಂಡ್ರೋಮ್ ಇರುವವರಲ್ಲಿ ಥೈರಾಯ್ಡ್ ಗ್ರಂಥಿಯ ದೌರ್ಬಲ್ಯ ಹೆಚ್ಚು. ಚಟುವಟಿಕೆಯಿಂದಿದ್ದವನು ಮಂಕಾಗಿ, ಸಿಡುಕನಾದರೆ ಆ ರಕ್ತಪರೀಕ್ಷೆಯನ್ನು ಮಾಡಿಸಬೇಕು. ಮಣ್ಣು ತಿನ್ನುವವನಲ್ಲಿ ರಕ್ತಹೀನತೆಯಿದೆಯೇ ಎಂದು ನೋಡಬೇಕು. ಫಿಟ್ಸ್‌ಗಾಗಿ ಕೊಡುವ ಔಷಧಗಳಲ್ಲಿಯೂ ಕೆಲವು, ಉದಾಹರಣೆಗೆ ಲೆವೆಟಿರಾಸೆಟಮ್ ಮತ್ತು ಮಕ್ಕಳಲ್ಲಿ ಫೀನೋಬಾರ್ಬಿಟೋನ್, ಸಿಡುಕನ್ನೋ ಅತಿಚಟುವಟಿಕೆಯನ್ನೋ ಉಂಟುಮಾಡಬಲ್ಲವು. ಹೊಸ ಮಾತ್ರೆ ಶುರುವಾದ ದಿನಾಂಕವನ್ನೂ ಹೊಸ ವರ್ತನೆ ಶುರುವಾದ ದಿನಾಂಕವನ್ನೂ ಅಕ್ಕಪಕ್ಕದಲ್ಲಿ ಬರೆದು ತೋರಿಸಿದರೆ ವೈದ್ಯರಿಗೆ ಅರ್ಧ ಕೆಲಸ ಮುಗಿದಂತೆ. ಆದರೆ ಫಿಟ್ಸ್‌ನ ಮಾತ್ರೆಯನ್ನು ಮನೆಯವರೇ ಥಟ್ಟನೆ ನಿಲ್ಲಿಸುವುದು ಪ್ರಾಣಾಪಾಯಕ್ಕೆ ಎಡೆಮಾಡುವ ಸಾಹಸ. ಅದನ್ನು ಎಂದಿಗೂ ಮಾಡಕೂಡದು.

ಇಂಥವನನ್ನು ದಂತವೈದ್ಯರ ಕುರ್ಚಿಯಲ್ಲಿ ಕೂರಿಸುವುದು ಸುಲಭವಲ್ಲವೆಂಬುದು ನಿಜ. ಮೊದಲ ಭೇಟಿಯಲ್ಲಿ ಕುರ್ಚಿಯನ್ನು ಮುಟ್ಟಿ ಬರುವುದು, ಎರಡನೆಯದರಲ್ಲಿ ಕುಳಿತು ಏಳುವುದು, ಮೂರನೆಯದರಲ್ಲಿ ಬಾಯಿ ತೆರೆಯುವುದು, ಹೀಗೆ ಹಂತಹಂತವಾಗಿ ರೂಢಿಮಾಡಿಸುವ ತಾಳ್ಮೆಯುಳ್ಳ ವೈದ್ಯರು ಸಿಕ್ಕರೆ ಅವರನ್ನು ಬಿಡಬಾರದು. ಅದು ಸಾಗದಿದ್ದರೆ ದಂತವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಲ್ಲಿ ಅರಿವಳಿಕೆ ಕೊಟ್ಟು ಚಿಕಿತ್ಸೆ ಮಾಡುವ ಏರ್ಪಾಡಿದೆಯೇ ಎಂದು ವಿಚಾರಿಸಬೇಕು. “ಇವರ ಜಾತಿಯೇ ಹೀಗೆ, ಇದು ಇವರ ರೋಗದ ಲಕ್ಷಣ” ಎಂದು ಪರೀಕ್ಷಿಸದೆಯೇ ಕಳುಹಿಸುವ ವೈದ್ಯರೂ ಇದ್ದಾರೆ. ಅಂಥಲ್ಲಿ ತಾಯಿತಂದೆಗಳು, ಮಾತುಬಲ್ಲ ಇನ್ನೊಬ್ಬ ಮಗ ಹೀಗೆಯೇ ಕಿರಿಚಿಕೊಂಡಿದ್ದರೆ ಏನೇನನ್ನು ಪರೀಕ್ಷಿಸುತ್ತಿದ್ದಿರೋ ಅಷ್ಟನ್ನು ಇವನಿಗೂ ಮಾಡಿರೆಂದು ವಿನಯದಿಂದ, ಆದರೆ ಜಗ್ಗದೆ, ಕೇಳತಕ್ಕದ್ದು.

ದೇಹದ ಕಾರಣಗಳನ್ನು ನೋಡಿಯಾದ ಬಳಿಕ ಬೇಕಾದುದು ಒಂದು ನೋಟುಬುಕ್ಕು. ಎರಡು ವಾರಗಳ ಕಾಲ, ಪ್ರತಿಯೊಂದು ಘಟನೆಗೂ ಮೂರು ಸಂಗತಿಗಳನ್ನು ಬರೆಯಬೇಕು: ಅದಕ್ಕೆ ಸ್ವಲ್ಪ ಮುಂಚೆ ಏನಾಗುತ್ತಿತ್ತು, ಆತನು ಮಾಡಿದ್ದೇನು, ಅದಾದ ಕೂಡಲೆ ಸುತ್ತಲಿನವರು ಮಾಡಿದ್ದೇನು. ‘ಸಂಜೆ ತುಂಬಾ ಗಲಾಟೆ ಮಾಡಿದ’ ಎಂಬ ಬರಹದಿಂದ ಯಾರಿಗೂ ಉಪಯೋಗವಿಲ್ಲ. ‘ಸಂಜೆ ಆರೂಕಾಲು, ಕರೆಂಟು ಹೋಗಿ ಫ್ಯಾನು ನಿಂತಿತು, ಎಡಗೈಯನ್ನು ಕಚ್ಚಿಕೊಂಡ, ನಾನು ಬೀಸಣಿಗೆ ತಂದು ಪಕ್ಕದಲ್ಲಿ ಕುಳಿತೆ, ಐದು ನಿಮಿಷದಲ್ಲಿ ನಿಂತಿತು’ ಎಂದು ಬರೆದರೆ ಅದರೊಳಗೆ ಒಂದು ಸುಳಿವಿದೆ. ನಿದ್ದೆಯ ಹೊತ್ತು, ಊಟ, ಮಲವಿಸರ್ಜನೆ, ಮುಟ್ಟಿನ ದಿನಗಳು ಇವನ್ನೂ ಅಂಚಿನಲ್ಲಿ ಗುರುತಿಸಬೇಕು. ಅಷ್ಟೇ ಅಗತ್ಯವಾದ ಇನ್ನೊಂದು ದಾಖಲೆಯುಂಟು. ಅದನ್ನು ಬರೆಯುವವರು ವಿರಳ. ಆತನು ಯಾವ ಹೊತ್ತಿನಲ್ಲಿ, ಯಾರ ಸಂಗಡ, ಏನು ಮಾಡುತ್ತ ಸಮಾಧಾನವಾಗಿದ್ದನೆಂಬುದು. ತಂದೆಯರು ಬರೆದಿಟ್ಟ ಇಂಥ ಪುಸ್ತಕಗಳು ಬಹುತೇಕ ಪೊಲೀಸು ಠಾಣೆಯ ಡೈರಿಗಳಂತಿದ್ದು, ಅಪರಾಧಗಳನ್ನುಳಿದು ಬೇರೇನನ್ನೂ ಒಳಗೊಂಡಿರುವುದಿಲ್ಲ. ಉಪಾಯವಾದರೋ ಬರೆಯದೆ ಬಿಟ್ಟ ಆ ಒಳ್ಳೆಯ ಗಂಟೆಗಳಲ್ಲಿಯೇ ಅಡಗಿರುತ್ತದೆ. ಇನ್ನೂ ಕ್ರಮವಾದ ಅಳತೆ ಬೇಕೆನ್ನುವ ಶಿಕ್ಷಕರಿಗೆ, ಈಗ ರಾಷ್ಟ್ರೀಯ ಬೌದ್ಧಿಕ ದಿವ್ಯಾಂಗಜನ ಸಬಲೀಕರಣ ಸಂಸ್ಥೆಯೆನಿಸಿರುವ ಸಿಕಂದರಾಬಾದಿನ ಸಂಸ್ಥೆಯಲ್ಲಿ ರೀಟಾ ಪೇಶಾವರಿಯಾ ಮತ್ತು ಎಸ್. ವೆಂಕಟೇಶನ್ ಅವರು ಭಾರತೀಯ ಮಕ್ಕಳಿಗಾಗಿಯೇ ರೂಪಿಸಿದ ಮಾಪನವೊಂದಿದೆ. ಅದರ ಎರಡನೆಯ ಭಾಗವು 75 ಬಗೆಯ ತೊಡಕಿನ ವರ್ತನೆಗಳನ್ನು ಹತ್ತು ಗುಂಪುಗಳಲ್ಲಿ ವಿಂಗಡಿಸಿ, ಎಂದೂ ಇಲ್ಲ, ಆಗಾಗ, ಪದೇಪದೇ ಎಂದು ಅಂಕಗಳನ್ನಿಡುತ್ತದೆ. ವಿಶೇಷ ಶಾಲೆಗಳ ಶಿಕ್ಷಕರಲ್ಲಿ ಬಹುಮಂದಿಗೆ ಇದು ಪರಿಚಿತ.

ನೋಟುಬುಕ್ಕನ್ನು ಓದುವ ಬಗೆ ಹೇಗೆಂಬುದಕ್ಕೆ ಒಂದು ಮನೆಯನ್ನು ಊಹಿಸಿಕೊಳ್ಳೋಣ. ತಾಲ್ಲೂಕು ಊರೊಂದರ ಬಾಡಿಗೆಮನೆ. ಹತ್ತೊಂಬತ್ತು ವರ್ಷದ ಮಗಳು. ಮಾತು ಇಲ್ಲವೆನ್ನುವಷ್ಟು ಕಡಿಮೆ. ಸಂಜೆಯಾಗುತ್ತಲೇ ತಲೆಯನ್ನು ಬಾಗಿಲಿಗೆ ಬಡಿದುಕೊಳ್ಳುತ್ತಾಳೆ. ಎರಡು ವಾರದ ಬರಹವನ್ನು ನೋಡಿದರೆ, ಘಟನೆಗಳಲ್ಲಿ ಹೆಚ್ಚಿನವು ಆರರಿಂದ ಏಳರೊಳಗಿನವು. ಆ ಹೊತ್ತಿನಲ್ಲಿ ಅಮ್ಮ ಒಲೆಯ ಮುಂದೆ, ಕುಕ್ಕರಿನ ಸೀಟಿ, ತಮ್ಮನ ಟಿ.ವಿ., ಅವಳು ಅಡುಗೆಮನೆಯ ಹೊಸ್ತಿಲಿಗೆ ಬಂದರೆ “ಇರು, ಆಮೇಲೆ ಬರ್ತೀನಿ” ಎಂಬ ಉತ್ತರ. ಬಡಿದುಕೊಂಡೊಡನೆ ಮಾತ್ರ ಅಮ್ಮ ಒಲೆಯನ್ನು ಆರಿಸಿ ಓಡಿಬರುತ್ತಾಳೆ. ಎರಡು ಮಂಗಳವಾರಗಳಲ್ಲಿ ಏನೂ ಆಗಿಲ್ಲ. ಆ ದಿನ ಸಂತೆಗೆಂದು ಬರುವ ಸೋದರತ್ತೆ, ಮಾತಾಡದೆಯೇ ಪಕ್ಕದಲ್ಲಿ ಕುಳಿತು ಎಲೆಅಡಿಕೆ ಹಾಕಿಕೊಳ್ಳುತ್ತಾಳೆ. ಇಷ್ಟು ತಿಳಿದ ಮೇಲೆ ಹುಡುಗಿಯ ದೋಷವೇನೆಂಬ ಪ್ರಶ್ನೆ ಹಿಂದೆ ಸರಿದು, ಆರು ಗಂಟೆಯ ಮನೆಯನ್ನು ಹೇಗೆ ಬದಲಾಯಿಸಬೇಕೆಂಬ ಪ್ರಶ್ನೆ ಮುಂದೆ ಬರುತ್ತದೆ. ಐದೂ ಮುಕ್ಕಾಲಿಗೇ ಅವಳನ್ನು ಅಡುಗೆಮನೆಯಲ್ಲಿ ಮಣೆಹಾಕಿ ಕೂರಿಸಿ, ಅವರೆಕಾಯಿಯನ್ನೋ ಬಟಾಣಿಯನ್ನೋ ಸುಲಿಯಲು ಕೊಡಬಹುದು, ಟಿ.ವಿ.ಯ ಸದ್ದನ್ನು ತಗ್ಗಿಸಬಹುದು. ಅಮ್ಮನನ್ನು ಕರೆಯಬೇಕಾದರೆ ಆಡಿಸಲು ಒಂದು ಪುಟ್ಟ ಗಂಟೆಯನ್ನು ಕೊಟ್ಟು, ಅದು ಸದ್ದಾದ ಪ್ರತಿಯೊಂದು ಸಲವೂ ಮೊದಮೊದಲು ತಪ್ಪದೆ ಅವಳ ಕಡೆಗೆ ತಿರುಗಬಹುದು.

ಗಂಟೆಯ ಈ ಉಪಾಯದ ಹಿಂದಿರುವ ತತ್ತ್ವವನ್ನು 1985ರಲ್ಲಿ ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡ್ಯುರಾಂಡ್ ಎಂಬವರು ನಾಲ್ವರು ಮಕ್ಕಳ ವಿಷಯದಲ್ಲಿ ತೋರಿಸಿಕೊಟ್ಟರು. ಪಾಠ ಕಠಿನವಾದಾಗ ರಂಪಮಾಡುತ್ತಿದ್ದವನಿಗೆ ಸಹಾಯ ಕೇಳುವ ಮಾತನ್ನೂ, ಗಮನ ಬೇಕಾದಾಗ ರಂಪಮಾಡುತ್ತಿದ್ದವನಿಗೆ ಮೆಚ್ಚುಗೆ ಕೇಳುವ ಮಾತನ್ನೂ ಕಲಿಸಿದಾಗ ರಂಪವು ತಾನಾಗಿ ತಗ್ಗಿತು. ಅವನ ಅಗತ್ಯಕ್ಕೆ ಸಂಬಂಧಿಸದ ಮಾತನ್ನು ಕಲಿಸಿದಾಗ ತಗ್ಗಲಿಲ್ಲ. ನಮ್ಮ ಮನೆಗಳಲ್ಲಿ ಈ ಮಾತು ಬಾಯಿಂದಲೇ ಬರಬೇಕೆಂದಿಲ್ಲ. ‘ಸಾಕು’ ಎನ್ನುವ ಕೈಸನ್ನೆ, ನೀರಿನ ಲೋಟದ ಚಿತ್ರವಿರುವ ಚೀಟಿ, ಹೊರಗೆ ಹೋಗಬೇಕೆಂಬುದಕ್ಕೆ ಚಪ್ಪಲಿಯನ್ನು ಮುಟ್ಟಿ ತೋರಿಸುವುದು, ಚೆನ್ನೈಯಲ್ಲಿ ಸಿದ್ಧವಾದ ಆವಾಜ಼್‌ನಂಥ ಮೊಬೈಲು ಸಾಧನ, ಎಲ್ಲವೂ ಮಾತೇ. ಇಂಥ ಉಪಕರಣವನ್ನು ಕೊಟ್ಟರೆ ಮುಂದೆ ಬಾಯಿಮಾತು ಬಾರದೆ ಹೋಗುತ್ತದೆಂಬ ಹೆದರಿಕೆ ನಿರಾಧಾರವಾದದ್ದು. ಎರಡು ನಿಯಮಗಳನ್ನು ಮರೆಯಬಾರದು. ಹೊಸ ಮಾತು ಹಳೆಯ ವರ್ತನೆಗಿಂತ ಸುಲಭವಾಗಿರಬೇಕು, ಶೀಘ್ರವಾಗಿ ಫಲಕೊಡಬೇಕು: ಕಚ್ಚಿದರೆ ಕ್ಷಣಮಾತ್ರದಲ್ಲಿ ಪಾಠ ನಿಲ್ಲುವುದಾದರೆ, ಚೀಟಿ ತೋರಿಸಿದವನನ್ನು ಹತ್ತು ನಿಮಿಷ ಕಾಯಿಸುವುದು ಕಚ್ಚುವುದನ್ನೇ ಕಲಿಸಿದಂತೆ. ಮತ್ತು ಮನೆಯ ಸಮಸ್ತರೂ, ಅಜ್ಜಿಯೂ ಶಾಲೆಯ ಆಯಾ ಕೂಡ, ಆ ಚೀಟಿಯನ್ನು ಗೌರವಿಸಬೇಕು. ಕಾಯುವುದನ್ನು ಕಲಿಸುವ ಕಾಲ ಮುಂದೆ ಬರುತ್ತದೆ, ಆತುರಪಡಬೇಕಾಗಿಲ್ಲ. ಹಳೆಯ ವರ್ತನೆಗೆ ಮೊದಲಿನ ಫಲ ಸಿಕ್ಕದಾದಾಗ ಅದು ಕೆಲವು ದಿನ ಮೊದಲಿಗಿಂತ ಉಗ್ರವಾಗುವುದುಂಟು. ಉಪಾಯ ಕೆಟ್ಟಿತೆಂದು ಆಗಲೇ ಕೈಬಿಟ್ಟವರು, ಇನ್ನೂ ಜೋರಾಗಿ ಮಾಡಿದರೆ ಸಿಕ್ಕುತ್ತದೆಂಬ ಪಾಠವನ್ನು ಅರಿಯದೆಯೇ ಕಲಿಸಿಬಿಡುತ್ತಾರೆ. ತಲೆಗೆ ಪೆಟ್ಟಾಗುವಂಥ ತೀವ್ರವಾದ ವರ್ತನೆಯಲ್ಲಿ ಮಾತ್ರ, ಹಳೆಯ ಫಲವನ್ನು ತಡೆಯುವ ಈ ಕ್ರಮವನ್ನು ತಜ್ಞರ ಸಹಾಯವಿಲ್ಲದೆ ಮನೆಯಲ್ಲಿ ಪ್ರಯೋಗಿಸಕೂಡದು.

ಸುತ್ತಣ ಪರಿಸರವನ್ನು ಹದಗೊಳಿಸುವ ವಿಷಯದಲ್ಲಿ ನಮ್ಮ ಮನೆಗಳಿಗೆ ಅವುಗಳದೇ ಆದ ತೊಂದರೆಗಳಿವೆ. ಮಿಕ್ಸಿಯ ಸದ್ದು, ಹೇಳದೆ ಬಂದು ಮೈದಡವುವ ನೆಂಟರು, ಹಬ್ಬದ ದಿನದ ಹೊಸ ಬಟ್ಟೆಯ ಗಂಜಿ, ದೀಪಾವಳಿಯ ಪಟಾಕಿ, ಮದುವೆಮನೆಯ ಓಲಗ, ಕ್ಷೌರದ ಯಂತ್ರ ಇವೆಲ್ಲವೂ ಆಟಿಸಂ ಇರುವ ಹಲವರಿಗೆ ನಾವು ಊಹಿಸಲಾರದಷ್ಟು ಹಿಂಸೆಯಾಗಿ ಪರಿಣಮಿಸುತ್ತವೆ. ಮುಂದೇನಾಗುವುದೆಂಬುದು ತಿಳಿದಿದ್ದರೆ ಈ ಹಿಂಸೆಯ ಅರ್ಧ ಭಾಗ ಕಳೆಯುತ್ತದೆ. ಆದಕಾರಣ ದಿನದ ಕೆಲಸಗಳ ಚಿತ್ರಗಳನ್ನು ಸಾಲಾಗಿ ಗೋಡೆಗೆ ಅಂಟಿಸಿ, ಮುಗಿದದ್ದನ್ನು ತೆಗೆಯುತ್ತ ಹೋಗುವ ಪದ್ಧತಿ ಬಹಳ ಉಪಕಾರಿ. ಫೋನಿನಲ್ಲಿ ತೆಗೆದ ಮನೆಯದೇ ಫೋಟೋಗಳು ಅಚ್ಚಿನ ಚಿತ್ರಗಳಿಗಿಂತ ಮೇಲು. ಅದರ ಸಂಗಡವೇ ಆಯ್ಕೆಯ ಅವಕಾಶಗಳು ಹೆಚ್ಚಬೇಕು. ನೀಲಿ ಅಂಗಿಯೋ ಹಳದಿಯೋ, ದೋಸೆಯೋ ಉಪ್ಪಿಟ್ಟೋ, ಮೊದಲು ಸ್ನಾನವೋ ಮೊದಲು ತಿಂಡಿಯೋ, ಇಂಥ ಸಣ್ಣ ತೀರ್ಮಾನಗಳನ್ನು ಮೂವತ್ತು ವರ್ಷದ ಮನುಷ್ಯನಿಗೂ ಬಿಟ್ಟುಕೊಡದಿರುವ ಮನೆಗಳಲ್ಲಿ, ‘ಇಲ್ಲ’ ಎನ್ನುವುದಕ್ಕೆ ಆತನಿಗೆ ಉಳಿದಿರುವ ಏಕೈಕ ಮಾರ್ಗವು ತಟ್ಟೆಯನ್ನೆಸೆಯುವುದೇ ಆದರೆ ಅದರಲ್ಲಿ ಆಶ್ಚರ್ಯಪಡತಕ್ಕದ್ದೇನು?

ಇಷ್ಟೆಲ್ಲ ಹೇಳಿದ ಮೇಲೂ, ನನ್ನ ಎಣಿಕೆಯಲ್ಲಿ ಅತಿ ಮುಖ್ಯವಾದ ಪ್ರಶ್ನೆ ಬೇರೆಯೇ ಇದೆ: ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವ ತನಕ ಆತನು ಮಾಡುವುದೇನು? ಹದಿನೆಂಟಕ್ಕೋ ಅದರ ಆಸುಪಾಸಿಗೋ ವಿಶೇಷ ಶಾಲೆ ಮುಗಿದುಹೋಗಿ, ತಿಂಡಿ, ಟಿ.ವಿ., ಊಟ, ನಿದ್ದೆ, ಮತ್ತೆ ಟಿ.ವಿ., ಹೀಗೆ ವರ್ಷಗಳು ಉರುಳುತ್ತಿರುವ ಯುವಕನ ರಂಪಕ್ಕೆ ಗ್ರಹಚಾರವನ್ನಾಗಲಿ ಮೆದುಳನ್ನಾಗಲಿ ಹುಡುಕುವ ಮೊದಲು ಆ ಬರಿದಾದ ದಿನವನ್ನು ನೋಡಬೇಕು. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 1980ರ ದಶಕದಿಂದ ಬೆಳೆದುಬಂದ ಸಕ್ರಿಯ ಆಸರೆಯೆಂಬ ಪದ್ಧತಿಯ ಸಾರವಿಷ್ಟೇ: ಆತನ ಪರವಾಗಿ ನಾವೇ ಮಾಡಿಬಿಡುವ ಬದಲು, ಪ್ರತಿಯೊಂದು ಮನೆಗೆಲಸದಲ್ಲಿಯೂ ಆತನಿಗೆ ಸಾಧ್ಯವಾದ ತುಣುಕೊಂದನ್ನು ಕಂಡುಹಿಡಿದು, ಬೇಕಾದಷ್ಟೇ ಸಹಾಯವಿತ್ತು, ಆತನಿಂದಲೇ ಮಾಡಿಸುವುದು. ಕೈ ನಡುಗುವವನು ಚಪಾತಿ ಲಟ್ಟಿಸಲಾರದಿದ್ದರೂ ಹಿಟ್ಟಿನ ಉಂಡೆಯನ್ನು ಕೈಗೆ ಕೊಡಬಲ್ಲನು. ಬಟ್ಟೆ ಒಗೆಯಲಾರದವಳು ಕ್ಲಿಪ್ಪುಗಳನ್ನು ಎತ್ತಿಕೊಡಬಲ್ಲಳು. ಗಿಡಗಳಿಗೆ ನೀರು ಹಾಕುವುದು, ಸೊಪ್ಪು ಬಿಡಿಸುವುದು, ದನಕ್ಕೆ ಹುಲ್ಲು ಹಾಕುವುದು, ಅಂಗಡಿಗೆ ಚೀಲ ಹಿಡಿದು ಬರುವುದು ಇವು ಹಳ್ಳಿಯ ಮನೆಯಲ್ಲಿ ಸಹಜವಾಗಿಯೇ ಒದಗುವ ಕೆಲಸಗಳು, ಮತ್ತು ಈ ಒಂದು ವಿಷಯದಲ್ಲಿ ನಗರದ ಎರಡು ಕೋಣೆಯ ಫ್ಲ್ಯಾಟಿಗಿಂತ ಹಳ್ಳಿಯ ಮನೆ ಭಾಗ್ಯಶಾಲಿ. ದಿನಕ್ಕೊಮ್ಮೆ ಉದ್ದನೆಯ ನಡಿಗೆ. ವಾರಕ್ಕೊಮ್ಮೆ ಹಣಪಡೆಯದೆ, ಕರ್ತವ್ಯವೆಂದು ಭಾವಿಸದೆ, ಅವನ ಸಂಗಡ ಕಾಲ ಕಳೆಯುವ ಒಬ್ಬ ಮನುಷ್ಯ. ಆತನದೇ ಆದ ಒಂದು ಪೆಟ್ಟಿಗೆ, ಅದನ್ನು ಮುಟ್ಟಬೇಕಾದರೆ ಆತನನ್ನು ಕೇಳಬೇಕೆಂಬ ಕಟ್ಟುಪಾಡು. ಉಪಾಯಗಳು ಫಲಿಸುತ್ತಿವೆಯೇ ಎಂದು ತಿಳಿಯಲು ಕಚ್ಚಿದ ಗಾಯಗಳನ್ನು ಎಣಿಸಿದರೆ ಸಾಲದು. ಈ ತಿಂಗಳಲ್ಲಿ ಎಷ್ಟು ಸಲ ಮನೆಯಿಂದ ಹೊರಗೆ ಹೋದ, ಎಷ್ಟು ಸಲ ನಕ್ಕ, ಎಷ್ಟು ತೀರ್ಮಾನಗಳನ್ನು ತಾನೇ ಮಾಡಿದ ಎಂಬುದನ್ನೂ ಅದೇ ಪುಸ್ತಕದಲ್ಲಿ ಎಣಿಸತಕ್ಕದ್ದು.

ಕೆರಳಿದ ಗಳಿಗೆಯಲ್ಲಿ ಮಾಡಬೇಕಾದುದು ಸ್ವಲ್ಪ, ಮಾಡಬಾರದುದು ಬಹಳ. ದನಿಯನ್ನು ತಗ್ಗಿಸಿ, ಒಂದೆರಡು ಪದಗಳಿಗೆ ಮಾತನ್ನು ಮೊಟಕುಗೊಳಿಸಿ, ಒಂದೆರಡು ಹೆಜ್ಜೆ ಹಿಂದೆ ಸರಿದು, ಬಾಗಿಲಿನ ದಾರಿಯನ್ನು ತಡೆಯದೆ ಪಕ್ಕದಲ್ಲಿ ನಿಂತು, ಸುತ್ತ ನೆರೆದವರನ್ನು ಹೊರಗೆ ಕಳುಹಿಸಿ, ಎಸೆಯಬಹುದಾದ ವಸ್ತುಗಳನ್ನು ಸರಿಸಿ, ಆಗ ತಾನೆ ಹೇಳಿದ್ದ ಕೆಲಸವನ್ನು ಸದ್ಯಕ್ಕೆ ಬಿಟ್ಟುಕೊಡಬೇಕು. ತಲೆ ಚಚ್ಚಿಕೊಳ್ಳುತ್ತಿದ್ದರೆ ನಡುವೆ ದಿಂಬನ್ನಿಡಬೇಕು. ಬಲವಂತವಾಗಿ ಹಿಡಿಯುವುದು ಪ್ರಾಣಕ್ಕೆ ಸಂಚಕಾರವಿದ್ದಾಗ ಮಾತ್ರ, ಅದೂ ಕೆಲವೇ ಕ್ಷಣಗಳ ಮಟ್ಟಿಗೆ. ಆತನನ್ನು ಬೋರಲಾಗಿ ಕೆಡವಿ ಬೆನ್ನಿನ ಮೇಲೋ ಎದೆಯ ಮೇಲೋ ಭಾರ ಹಾಕಿದರೆ ಉಸಿರುಕಟ್ಟಿ ಸಾವು ಸಂಭವಿಸಬಹುದೆಂಬುದನ್ನು ಮನೆಯ ಗಂಡಸರೂ ವಸತಿಗೃಹದ ಸಿಬ್ಬಂದಿಯೂ ತಿಳಿದಿರಬೇಕು. ಶಾಂತನಾದ ಮೇಲೆ ನೀರು, ವಿಶ್ರಾಂತಿ ಬೇಕು; ಉಪದೇಶ ಬೇಡ.

ಹೊಡೆತ, ಬರೆ ಹಾಕುವುದು, ಖಾರದ ಪುಡಿ, ಕತ್ತಲೆಕೋಣೆ, ಸರಪಳಿ ಇವುಗಳ ವಿಷಯದಲ್ಲಿ ಎರಡು ಮಾತಿಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರ್ವಾಡಿಯಲ್ಲಿ ಗುಣವಾಗಲೆಂದು ಬಿಟ್ಟುಹೋಗಿದ್ದ ಮಾನಸಿಕ ರೋಗಿಗಳು ಸರಪಳಿ ಬಿಗಿದ ಸ್ಥಿತಿಯಲ್ಲಿಯೇ ಬೆಂಕಿಗೆ ಸಿಕ್ಕಿ, ಇಪ್ಪತ್ತೈದಕ್ಕೂ ಹೆಚ್ಚು ಮಂದಿ ಸತ್ತರು. 2017ರ ಮಾನಸಿಕ ಆರೋಗ್ಯ ಕಾಯಿದೆಯು ಮಾನಸಿಕ ರೋಗಿಗಳನ್ನು ಯಾವುದೇ ರೀತಿಯಲ್ಲಿ ಸರಪಳಿಯಲ್ಲಿ ಕಟ್ಟುವುದನ್ನು ನಿಷೇಧಿಸಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಸಕಲ ಬಗೆಯ ವೈಕಲ್ಯವುಳ್ಳವರಿಗೂ ಕ್ರೂರವಾದ ಮತ್ತು ಅವಮಾನಕರವಾದ ನಡವಳಿಕೆಯಿಂದ ರಕ್ಷಣೆಯನ್ನು ಕೊಟ್ಟು, ಅವರ ಮೇಲೆ ಕೈಮಾಡಿ ಅಪಮಾನಿಸುವಂಥ ಕೃತ್ಯಗಳಿಗೆ ಆರು ತಿಂಗಳಿಂದ ಐದು ವರ್ಷಗಳವರೆಗೆ ಸೆರೆವಾಸವನ್ನು ವಿಧಿಸಿದೆ. ಇಂಥ ಹಿಂಸೆಯು ಹಿಂದುಳಿದ ಊರುಗಳ ಪಾಪವೆಂದು ಯಾರೂ ತಿಳಿಯಬಾರದು. ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಬಳಿಯ ವಿಂಟರ್‌ಬೋರ್ನ್ ವ್ಯೂ ಎಂಬ ಖಾಸಗಿ ಆಸ್ಪತ್ರೆಯಲ್ಲಿ ಬೌದ್ಧಿಕ ವೈಕಲ್ಯವುಳ್ಳವರನ್ನು ಸಿಬ್ಬಂದಿ ಹಿಂಸಿಸುತ್ತಿದ್ದುದನ್ನು 2011ರಲ್ಲಿ ಬಿಬಿಸಿಯ ಗುಪ್ತ ಕ್ಯಾಮೆರಾ ಬಯಲಿಗೆಳೆದ ಬಳಿಕ ಹನ್ನೊಂದು ಮಂದಿಗೆ ಶಿಕ್ಷೆಯಾಯಿತು. ಮಗನನ್ನು ವಸತಿಗೃಹಕ್ಕೆ ಸೇರಿಸಬೇಕಾದವರು ಕಟ್ಟಡದ ಅಂದವನ್ನು ನೋಡುವುದಕ್ಕಿಂತ, ಮುಂದಾಗಿ ತಿಳಿಸದೆ ಬಂದು ನೋಡಲು ಬಿಡುತ್ತಾರೆಯೇ, ಮಧ್ಯಾಹ್ನ ಮೂರು ಗಂಟೆಗೆ ಅಲ್ಲಿರುವವರು ಏನು ಮಾಡುತ್ತಿದ್ದಾರೆ, ಬೀಗ ಹಾಕಿದ ಕೋಣೆ ಯಾವುದಾದರೂ ಇದೆಯೇ ಎಂಬುದನ್ನು ನೋಡತಕ್ಕದ್ದು.

ಈಗ ಮಾತ್ರೆಯ ಮಾತು. 2008ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪೀಟರ್ ಟೈರರ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಬೌದ್ಧಿಕ ವೈಕಲ್ಯದೊಡನೆ ಆಕ್ರಮಣದ ವರ್ತನೆಯಿದ್ದು ಸೈಕೋಸಿಸ್ ಎಂಬ ತೀವ್ರ ಮನೋರೋಗವಿಲ್ಲದ 86 ಮಂದಿಗೆ ರಿಸ್ಪೆರಿಡೋನ್, ಹ್ಯಾಲೊಪೆರಿಡಾಲ್, ಇಲ್ಲವೆ ಔಷಧವೇ ಇಲ್ಲದ ತೋರಿಕೆಯ ಮಾತ್ರೆಯನ್ನು ಕೊಟ್ಟು ನೋಡಿದರು. ನಾಲ್ಕು ವಾರಗಳಲ್ಲಿ ಮೂರು ಗುಂಪಿನಲ್ಲಿಯೂ ಆಕ್ರಮಣ ಇಳಿಯಿತು. ಎಲ್ಲಕ್ಕಿಂತ ಹೆಚ್ಚು ಇಳಿದದ್ದು ತೋರಿಕೆಯ ಮಾತ್ರೆಯ ಗುಂಪಿನಲ್ಲಿ. ಇದರಿಂದ ಔಷಧವೆಲ್ಲ ವ್ಯರ್ಥವೆಂಬ ಅತಿರೇಕಕ್ಕೂ ಹೋಗಬಾರದು: ಆಟಿಸಂ ಇರುವ ಮಕ್ಕಳ ತೀವ್ರವಾದ ಸಿಡುಕಿಗೆ ರಿಸ್ಪೆರಿಡೋನನ್ನು ಅಮೆರಿಕದ ಔಷಧ ನಿಯಂತ್ರಕರು 2006ರಲ್ಲಿ ಅಂಗೀಕರಿಸಿದ್ದಾರೆ, ಖಿನ್ನತೆ, ಆತಂಕ, ನಿದ್ರಾಹೀನತೆಗಳು ಸೇರಿಕೊಂಡಿದ್ದರೆ ಅವುಗಳಿಗೆ ಚಿಕಿತ್ಸೆ ಬೇಕೇ ಬೇಕು. ಆದರೆ ತೂಕ ಏರುವುದು, ರಕ್ತದ ಸಕ್ಕರೆ ಏರುವುದು, ಜೊಲ್ಲು, ಕೈಕಾಲಿನ ಬಿಗಿತ, ಕುಳಿತಲ್ಲಿ ಕೂರಲಾಗದ ಚಡಪಡಿಕೆ ಇವು ರಿಸ್ಪೆರಿಡೋನ್, ಹ್ಯಾಲೊಪೆರಿಡಾಲ್‌ನಂಥ ಔಷಧಗಳಿಂದ ಒದಗಬಹುದಾದ ಬೇನೆಗಳು. ಈ ಚಡಪಡಿಕೆಯನ್ನೇ ಹಳೆಯ ರಂಪವೆಂದು ಭ್ರಮಿಸಿ ಮಾತ್ರೆಯನ್ನು ಇನ್ನೂ ಹೆಚ್ಚಿಸುವ ಪ್ರಮಾದವೂ ನಡೆಯುತ್ತದೆ. ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳಿವು: ಯಾವ ವರ್ತನೆಗಾಗಿ ಕೊಡುತ್ತಿದ್ದೀರಿ, ಅದು ಇಳಿದದ್ದನ್ನು ಯಾವ ರೀತಿ ತಿಳಿಯುವುದು, ಎಂದು ಮರುಪರಿಶೀಲನೆ, ಎಂದು ನಿಲ್ಲಿಸುವುದು? ಇಂಗ್ಲೆಂಡಿನ 2015ರ ಮಾರ್ಗಸೂಚಿಯು ಆರು ವಾರಗಳಲ್ಲಿ ಗುಣ ಕಾಣದಿದ್ದರೆ ಇಂಥ ಔಷಧವನ್ನು ನಿಲ್ಲಿಸಬೇಕೆನ್ನುತ್ತದೆ. ಹಾಗೆಂದು ವರ್ಷಗಳಿಂದ ನುಂಗುತ್ತಿರುವುದನ್ನು ಒಂದು ಬೆಳಿಗ್ಗೆ ಬಿಟ್ಟುಬಿಡಕೂಡದು. ವೈದ್ಯರ ಕಣ್ಣಿನಡಿಯಲ್ಲಿ ಮೆಲ್ಲಮೆಲ್ಲನೆ ಇಳಿಸಬೇಕು.

ಕರ್ನಾಟಕದಲ್ಲಿರುವವರು ಮೊದಲು ತಮ್ಮ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕಾಣಬಹುದು. ವಿಶಿಷ್ಟ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡು, ಮಾಸಾಶನ ಇವುಗಳ ದಾರಿ ಅವರಿಗೆ ಗೊತ್ತಿರುತ್ತದೆ. ಮಾತು ಮತ್ತು ಸಂವಹನದ ತರಬೇತಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ, ಮನೋವೈದ್ಯಕೀಯಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೂ ಇವೆ. ಜಿಲ್ಲಾಸ್ಪತ್ರೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರು ದೊರೆಯುತ್ತಾರೆ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯನ್ವಯ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ ಮತ್ತು ಬಹುವಿಧ ವೈಕಲ್ಯವಿರುವವರಿಗೆ ‘ನಿರಾಮಯ’ವೆಂಬ ಆರೋಗ್ಯವಿಮೆ, ವರ್ಷಕ್ಕೆ ಒಂದು ಲಕ್ಷ ರೂಪಾಯಿಯವರೆಗೆ, ದೊರೆಯುತ್ತದೆ; ಹದಿನೆಂಟು ತುಂಬಿದವನಿಗೆ ಪೋಷಕರನ್ನು ನೇಮಿಸುವ ಸ್ಥಳೀಯ ಸಮಿತಿಯೂ ಪ್ರತಿ ಜಿಲ್ಲೆಯಲ್ಲಿ ಇದೇ ಕಾಯಿದೆಯಡಿ ಇರುತ್ತದೆ. ಮಗನ ವಿಷಯದಲ್ಲಿ ಇಷ್ಟೆಲ್ಲ ಓಡಾಡುವ ತಾಯಿಯು ತನ್ನ ರಕ್ತದೊತ್ತಡವನ್ನು ಪರೀಕ್ಷಿಸಿಕೊಂಡು ಎಷ್ಟು ಕಾಲವಾಯಿತೆಂದು ಕೇಳುವವರಿಲ್ಲ. ರಾತ್ರಿಗಳನ್ನು ತಂದೆತಾಯಿ ಸರದಿಯಲ್ಲಿ ಹಂಚಿಕೊಳ್ಳುವುದು, ವಾರಕ್ಕೊಂದು ಮಧ್ಯಾಹ್ನವಾದರೂ ಚಿಕ್ಕಮ್ಮನೋ ಅಣ್ಣನೋ ಬಂದು ಅವಳನ್ನು ಬಿಡುಗಡೆಗೊಳಿಸುವುದು, ಮನೆಯ ಇತರ ಮಕ್ಕಳಿಗೆ ತಾಯಿಯ ಒಂದು ಗಂಟೆ ಮೀಸಲಾಗಿರುವುದು, ಇವನ್ನು ಔದಾರ್ಯವೆಂದೆಣಿಸದೆ ಚಿಕಿತ್ಸೆಯ ಭಾಗವೆಂದೇ ಎಣಿಸಬೇಕು. ತಡೆಯಲಾರದೆ ಹೋದ ಹೊತ್ತಿನಲ್ಲಿ ಟೆಲಿ ಮಾನಸ್‌ನ 14416 ಸಂಖ್ಯೆಗೆ, ಹಗಲಾಗಲಿ ಇರುಳಾಗಲಿ, ಕನ್ನಡದಲ್ಲಿಯೇ ಮಾತನಾಡಬಹುದು.

ಕೊನೆಯದಾಗಿ ಒಂದು ಸಣ್ಣ ಕೆಲಸ. ನಾಲ್ಕು ಪುಟದ ಕಿರುಪುಸ್ತಕವೊಂದನ್ನು ಆತನ ಹೆಸರಿನಲ್ಲಿ ಬರೆದಿಡಬೇಕು: ಆತನನ್ನು ಯಾವ ಹೆಸರಿನಿಂದ ಕರೆದರೆ ಇಷ್ಟ, ನೀರು ಬೇಕೆಂಬುದನ್ನು ಹೇಗೆ ತಿಳಿಸುತ್ತಾನೆ, ನೋವಾದಾಗ ಅವನ ಮುಖ ಹೇಗಿರುತ್ತದೆ, ಯಾವ ಸದ್ದನ್ನು ಸಹಿಸಲಾರ, ಕೆರಳುವ ಮೊದಲು ಕಾಣುವ ಚಿಹ್ನೆಗಳಾವುವು, ಆಗ ಏನು ಮಾಡಿದರೆ ಸಮಾಧಾನವಾಗುತ್ತದೆ, ಯಾವ ಔಷಧಕ್ಕೆ ಮೈಯೊಗ್ಗದು, ಈಗ ನುಂಗುತ್ತಿರುವ ಮಾತ್ರೆಗಳಾವುವು. ಸಾಧ್ಯವಿದ್ದರೆ ಏನು ಬರೆಯಬೇಕೆಂಬುದನ್ನು ಅವನೊಡನೆ ಕುಳಿತು, ಚಿತ್ರಗಳನ್ನು ತೋರಿಸಿ ನಿಶ್ಚಯಿಸಬೇಕು. ಅಮ್ಮ ಇದ್ದಕ್ಕಿದ್ದಂತೆ ಆಸ್ಪತ್ರೆ ಸೇರಬೇಕಾಗಿ ಬಂದ ರಾತ್ರಿ, ಬಾಗಿಲು ತೆರೆಯುವ ನೆರೆಮನೆಯವರಿಗೆ ಇದರಷ್ಟು ನೆರವಾಗುವುದು ಬೇರೊಂದಿಲ್ಲವಾದುದರಿಂದ, ಒಂದು ಪ್ರತಿಯನ್ನು ಔಷಧದ ಡಬ್ಬಿಯ ಜೊತೆಯಲ್ಲಿಯೂ ಇನ್ನೊಂದನ್ನು ಆ ನೆರೆಮನೆಯಲ್ಲಿಯೂ ಇಡತಕ್ಕದ್ದು. ಮಾತ್ರೆ ಬದಲಾದಾಗಲೆಲ್ಲ ಎರಡನ್ನೂ ತಿದ್ದತಕ್ಕದ್ದು.